ಹಾಲೇಶನ ಇಪ್ಪತ್ತನಾಲ್ಕು ಇಂಚು

ನಾನು ಒಂದು ಟಿ.ವಿ. ಗೋಡೆ ತುಂಬ ಹರಡಿಕೊಳ್ಳುವ ಜಾತಿಯದಲ್ಲ. ಕಬ್ಬಿಣದ ಟ್ರಂಕಿನ ಮೇಲೆ ಕೂರಿಸಿದರೆ ಪಕ್ಕದಲ್ಲಿ ನೀರಿನ ತಂಬಿಗೆ ಇಡಲು ಇನ್ನೂ ಜಾಗ ಉಳಿಯುವಷ್ಟು ಚಿಕ್ಕದು. ದೊಡ್ಡದೊಂದು ಶೆಡ್ಡಿನಲ್ಲಿ, ಉದ್ದನೆಯ ರಬ್ಬರ್ ಪಟ್ಟಿಯ ಮೇಲೆ ಸಾಗುತ್ತ ಸಾಗುತ್ತ ನಾನು ಹುಟ್ಟಿದೆ. ಒಬ್ಬಳು ಗಾಜು ಕೂರಿಸಿದಳು, ಇನ್ನೊಬ್ಬಳು ಬೆನ್ನಿಗೆ ದೀಪದ ಪಟ್ಟಿ ಅಂಟಿಸಿದಳು, ಮುಂದಿನವಳು ಸ್ಕ್ರೂ ಬಿಗಿದಳು. ಕೊನೆಯಲ್ಲಿ ತಲೆಗೆ ಬಿಳಿ ಟೋಪಿ ಹಾಕಿದ್ದ ಹುಡುಗಿಯೊಬ್ಬಳು ಮೊದಲ ಸಲ ನನಗೆ ಕರೆಂಟು ಕೊಟ್ಟು, ಮೈಯೆಲ್ಲ ಒಂದೊಂದೇ ಬಣ್ಣ ಹರಡಿ, ಎಲ್ಲಾದರೂ ಚುಕ್ಕಿ ಬೆಳಗದೆ ಸತ್ತಿದೆಯೇ ಎಂದು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಏನೂ ದೋಷವಿರಲಿಲ್ಲ. ಥರ್ಮೋಕೋಲಿನ ನಡುವೆ ಇಟ್ಟು, ಡಬ್ಬಿ ಮುಚ್ಚಿ, ಲಾರಿಗೆ ಹಾಕಿದರು.

ಇಳಿದದ್ದು ದಾವಣಗೆರೆಯ ಒಂದು ಅಂಗಡಿಯಲ್ಲಿ. ಅಲ್ಲಿ ದೊಡ್ಡ ಟಿ.ವಿ.ಗಳಿಗೆಲ್ಲ ಎದುರಿನ ಗೋಡೆ. ನನ್ನಂಥವಕ್ಕೆ ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳ ಪಕ್ಕದ ಮೂಲೆ. ಗಿರಾಕಿಗಳು ಒಳಗೆ ಬಂದು ತಲೆಯೆತ್ತಿ ಗೋಡೆ ನೋಡುತ್ತಿದ್ದರು. ಮೂಲೆಯ ಕಡೆ ತಿರುಗುತ್ತಿದ್ದವರು ಕಡಿಮೆ. ಅಡುಗೆಮನೆಗೊಂದು ಇರಲಿ ಎನ್ನುವವರು, ಅಂಗಡಿಯ ಕ್ಯಾಮೆರಾ ನೋಡಲು ಬೇಕು ಎನ್ನುವವರು, ಅಷ್ಟೇ. ನನ್ನನ್ನೇ ಬೇಕೆಂದು ಹುಡುಕಿಕೊಂಡು ಬಂದವನು ಹಾಲೇಶ ಒಬ್ಬನೇ.

ಅವನು ಒಳಗೆ ಬಂದ ರೀತಿಯೇ ಬೇರೆಯಾಗಿತ್ತು. ಎತ್ತರದ ಆಳು, ನಲವತ್ತರ ಹತ್ತಿರದ ವಯಸ್ಸು, ಅಗಲ ಭುಜ. ಆದರೆ ಕಾಲನ್ನು ಮುಂದೆ ಚಾಚಿ ಮೆಟ್ಟಿಲು ಎಲ್ಲಿದೆ ಎಂದು ತಡವಿ ನೋಡಿ ಹತ್ತಿದ. ಬಾಗಿಲ ಪಕ್ಕದಲ್ಲೇ ಇದ್ದ ಫ್ಯಾನಿನ ಡಬ್ಬಿಗೆ ಮೊಣಕಾಲು ತಾಗಿಸಿಕೊಂಡ. ಹಿಂದೆ ಬಂದ ಅವನ ಜೊತೆಗಾರ ಬುಡೇನ್, ಅವನಿಗಿಂತ ಚಿಕ್ಕವನು, ತೆಳ್ಳಗಿನವನು, ಏನೂ ಆಗಿಲ್ಲವೆಂಬಂತೆ ಡಬ್ಬಿಯನ್ನು ಕಾಲಿನಿಂದ ಸರಿಸಿದ. ಹಾಲೇಶ ದಾವಣಗೆರೆಯಿಂದ ಜಗಳೂರಿಗೆ ಓಡುವ ಕಲ್ಲೇಶ್ವರ ಎಂಬ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವನು. ಬುಡೇನ್ ಅದರ ಕಂಡಕ್ಟರ್.

"ಚಿಕ್ಕ ಟಿ.ವಿ. ತೋರಿಸ್ರಿ. ಎಚ್‌ಡಿ ಇರಬೇಕು, ರೇಟು ಕೈಗೆಟಕಬೇಕು" ಎಂದ ಬುಡೇನ್.

ಅಂಗಡಿಯ ಸೇಲ್ಸ್‌ಮನ್ ನಕ್ಕ. "ಚಿಕ್ಕದ್ಯಾಕಣ್ಣ? ಮೂವತ್ತೆರಡು ಇಂಚಿಂದು ತಗಳಿ. ಆಫರ್ ಐತಿ."

"ಸಿನಿಮಾ ನೋಡಕ್ಕಲ್ಲಪ್ಪ. ಗೇಮ್ ಆಡಕ್ಕೆ."

"ಗೇಮ್ ಆಡಕ್ಕಾದ್ರೆ ಇನ್ನೂ ದೊಡ್ಡದು ಬೇಕು!"

ಹಾಲೇಶ ಸ್ಟೂಲು ಎಳೆದುಕೊಂಡು ಗೋಡೆಯ ದೊಡ್ಡ ಟಿ.ವಿ.ಯ ಮುಂದೆ ಕೂತ. ಅದರಲ್ಲಿ ಯಾವುದೋ ಸಮುದ್ರ, ಯಾವುದೋ ಮೀನು. ಅವನು ಕತ್ತನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮೇಲೆತ್ತಿದ. ಗೋಡೆಯ ಮೇಲಿನ ಹಲ್ಲಿಯನ್ನು ಹುಡುಕುವವನಂತೆ ಕಾಣುತ್ತಿದ್ದ. ಆಮೇಲೆ ಸ್ಟೂಲನ್ನು ನನ್ನ ಮುಂದೆ ತಂದು ಕೂತ. ಕತ್ತು ನಿಂತಿತು. ಒಂದೇ ನೋಟದಲ್ಲಿ ನನ್ನ ನಾಲ್ಕು ಮೂಲೆಯೂ ಅವನ ಕಣ್ಣೊಳಗೆ ಹಿಡಿಸಿದವು. ಅವನ ಮುಖ ಸಡಿಲಾದದ್ದನ್ನು ನಾನು ಕಂಡೆ.

"ದೊಡ್ಡದ್ರಾಗೆ ನನಗೆ ಕಾಣಾದು ಚಿಕ್ಕದು. ಇದ್ರಾಗೆ ಎಲ್ಲಾ ಕಾಣ್ತತಿ" ಎಂದ.

ಸೇಲ್ಸ್‌ಮನ್‌ಗೆ ಅರ್ಥವಾಗಲಿಲ್ಲ. ಬುಡೇನ್ ತನ್ನ ಚೀಲದಿಂದ ಎರವಲು ತಂದಿದ್ದ ಆಟದ ಕಂಟ್ರೋಲರನ್ನೂ ಆಟ ತುಂಬಿದ ಒಂದು ಪುಟ್ಟ ಡಬ್ಬಿಯನ್ನೂ ತೆಗೆದು ನನಗೆ ಜೋಡಿಸಿದ. "ಕೈ ತಿರುಗಿಸಿದ ಕೂಡ್ಲೇ ಚಿತ್ರ ತಿರುಗಬೇಕಣ್ಣ. ಕೆಲವು ಟಿ.ವಿ.ನಾಗೆ ತಡ ಆಗ್ತತಿ, ಆಟ ಕೆಡ್ತತಿ" ಎಂದು ವಿವರಿಸಿದ. "ಬಸ್ಸಿನಾಗೂ ಅಷ್ಟೇ ಅಲ್ಲೇನಲೇ" ಎಂದು ಹಾಲೇಶ ಕಂಟ್ರೋಲರನ್ನು ಒತ್ತಿ ನೋಡಿದ. ನಾನು ತಡ ಮಾಡಲಿಲ್ಲ. ಚಿತ್ರದಲ್ಲಿ ದೂರದಿಂದ ಬರುತ್ತಿದ್ದ ಲಾರಿಯ ನಂಬರ್ ಪ್ಲೇಟನ್ನು ಓದಲು ಬುಡೇನ್ ಹೇಳಿದ. ಹಾಲೇಶ ಮುಂದಕ್ಕೆ ಬಾಗಿ ತಡವರಿಸದೆ ಓದಿದ. ಚಿಕ್ಕದಾದರೂ ಅಕ್ಷರ ಒಡೆಯಲಿಲ್ಲ ಎಂದು ಇಬ್ಬರಿಗೂ ಸಮಾಧಾನವಾಯಿತು. ಹೀಗೆ ನನ್ನನ್ನು ಆರಿಸಿದರು.

ಅವನ ಮನೆ ಮಂಡಕ್ಕಿ ಭಟ್ಟಿಗಳ ಓಣಿಯ ತುದಿಯಲ್ಲಿತ್ತು. ಹಗಲೆಲ್ಲ ಭಟ್ಟಿಗಳ ಹೊಗೆ, ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಸದ್ದು. ಹೆಂಡತಿ ವಿನೋದಾ ಅಂಥದೊಂದು ಭಟ್ಟಿಯಲ್ಲಿ ಮಂಡಕ್ಕಿ ಚೀಲಗಳ ಬಾಯಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಮಕ್ಕಳಿರಲಿಲ್ಲ. ನನ್ನನ್ನು ಟ್ರಂಕಿನ ಮೇಲೆ ಕೂರಿಸಿದ ದಿನ ಅವಳು ಕೆಲಸದಿಂದ ಬಂದು, ಸೆರಗಿನಿಂದ ಮುಖದ ಮಸಿ ಒರೆಸಿಕೊಳ್ಳುತ್ತ ನನ್ನನ್ನು ನೋಡಿದಳು. ನಾನು ಬಂದದ್ದು ಅವಳಿಗೆ ಇಷ್ಟವಾಗಲಿಲ್ಲ.

"ಇರೋದೇ ಇಷ್ಟು ಕಣ್ಣು. ಅದನ್ನೂ ಈ ಡಬ್ಬಿಗೆ ಸುರೀತೀರೇನ್ರಿ?"

"ಇನ್ನೆಲ್ಲಿ ಸುರೀಲೇ?" ಎಂದ ಹಾಲೇಶ.

ಅವನಿಗೇನಾಗಿದೆ ಎಂಬುದು ನನಗೆ ನಿಧಾನವಾಗಿ, ಅವರ ಮಾತುಗಳಿಂದಲೇ ತಿಳಿಯಿತು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುವ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಹಗಲಲ್ಲೂ ಪಕ್ಕದ್ದು ಕಾಣುವುದಿಲ್ಲ. ಕೊಳವೆಯ ತುದಿಯಿಂದ ನೋಡಿದ ಹಾಗೆ ನಡುವಿನದು ಮಾತ್ರ ಉಳಿಯುತ್ತದೆ. ಆ ಕೊಳವೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಮಸುಕು ಬಂದದ್ದು ವಯಸ್ಸಿನಿಂದಲೆಂದು ಅವನು ತುಂಬ ದಿನ ತಳ್ಳಿದ್ದ. ಸಂಜೆಯ ಟ್ರಿಪ್ಪನ್ನು ಬೇರೆಯವರಿಗೆ ಬಿಟ್ಟು ಬೆಳಗಿನದನ್ನೇ ತೆಗೆದುಕೊಳ್ಳುತ್ತಿದ್ದ. ಒಂದು ಸಲ ದಾರಿಯಲ್ಲಿ ಬಸ್ಸು ಕೆಟ್ಟು ಕತ್ತಲಾಯಿತು. ಅಣಜಿ ಊರು ದಾಟಿದ ಮೇಲೆ ಎದುರು ಲಾರಿಯ ಬೆಳಕು ಕಣ್ಣಿಗೆ ಹೊಡೆದು ಹೋಯಿತು, ಅದರ ಹಿಂದೆಯೇ ರಸ್ತೆಯೂ ಹೋಯಿತು. ಬ್ರೇಕು ಒತ್ತಿ ಇಳಿದು ನೋಡಿದರೆ ಬಂಪರಿನ ಮುಂದೆ ಕುರಿಮಂದೆ, ಮಂದೆಯ ನಡುವೆ ಕಂಬಳಿ ಹೊದ್ದ ಒಬ್ಬ ಮುದುಕಿ. ಅವಳಿಗೂ ಬಸ್ಸಿಗೂ ನಡುವೆ ಒಂದು ಕುರಿ ನಿಲ್ಲುವಷ್ಟು ಜಾಗ. ಅವಳು ಬಯ್ಯಲೂ ಇಲ್ಲ, ಕುರಿಗಳನ್ನು ಸರಿಸಿಕೊಂಡು ಹೋದಳು. ಹಾಲೇಶ ಬೀಗದ ಕೈ ತೆಗೆದು ಬುಡೇನನಿಗೆ ಕೊಟ್ಟು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಬೇರೆ ಡ್ರೈವರ್ ಬರುವವರೆಗೂ ಎದ್ದಿರಲಿಲ್ಲವಂತೆ.

ಡಾಕ್ಟರು ಔಷಧ ಇಲ್ಲ ಎಂದರು. ಇನ್ನೊಂದು ಊರಿನ ಡಾಕ್ಟರೂ ಅದನ್ನೇ ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಬುಡೇನನ ಚಿಕ್ಕಪ್ಪನ ಮಗನಿಗೆ ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಅವನು ಹಳೆಯದೊಂದು ಕಂಪ್ಯೂಟರನ್ನು ಸರಿಮಾಡಿ, ಬಸ್ಸು ಓಡಿಸುವ ಆಟ ಹಾಕಿ, ಮೇಜಿಗೆ ಕಚ್ಚಿಸುವ ಸ್ಟೀರಿಂಗನ್ನೂ ಕಾಲಿಗೆ ಪೆಡಲನ್ನೂ ಕೊಟ್ಟ. ಆಟದ ಬಸ್ಸಿಗೆ ಕಲ್ಲೇಶ್ವರದ ಬಣ್ಣವನ್ನೇ ಬಳಿದು, ಮುಂದಿನ ಗಾಜಿನ ಮೇಲೆ ಕನ್ನಡದಲ್ಲಿ ಹೆಸರನ್ನೂ ಬರೆದಿದ್ದ. ರಸ್ತೆ ಮಾತ್ರ ಯಾವುದೋ ದೇಶದ್ದು. ಹಿಮದ ಗುಡ್ಡ, ಮೊನಚು ಮರ, ಮನುಷ್ಯರೇ ಇಲ್ಲದ ಊರು.

ಹಾಲೇಶ ಮೊದಲ ಸಲ ಆ ಸ್ಟೀರಿಂಗ್ ಹಿಡಿದಾಗ ಬೈದ. "ಇದೇನಲೇ, ಮಕ್ಕಳ ಗಿಲಕಿ ಇದ್ದಂಗೈತಿ." ಆದರೆ ಗೇರ್ ಬದಲಿಸಿ ಬಸ್ಸು ಮುಂದಕ್ಕೆ ಹೊರಟಾಗ ಬೈಗುಳ ನಿಂತಿತು. ಬೆನ್ನು ನೆಟ್ಟಗಾಯಿತು. ಎಡಗೈ ತಾನಾಗಿಯೇ ಗೇರಿನ ಕಡೆ ಹೋಯಿತು. ಒಂದು ತಿರುವು ಬಂದಾಗ ಅವನು ಹಾರನ್ ಹೊಡೆದ. ಆ ರಸ್ತೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಬುಡೇನ್ ರಜೆಯ ದಿನ ಮಧ್ಯಾಹ್ನ ಬರುತ್ತಿದ್ದ. ಹಾಲೇಶನ ಹಿಂದೆ ಗೋಡೆಗೊರಗಿ ನಿಂತೇ ಇರುತ್ತಿದ್ದ. ಬಸ್ಸಿನಲ್ಲಿ ಅವನು ಕೂತ ರೂಢಿಯಿಲ್ಲ. ಹಿಮದ ಗುಡ್ಡ ಇಳಿಯುವಾಗ "ಅಣಜಿ, ಅಣಜಿ, ಇಳಿಯೋರು ಮುಂದೆ ಬರ್ರೀ!" ಎಂದು ಕೂಗುತ್ತಿದ್ದ. ಹಾಲೇಶ ನಗುತ್ತಿದ್ದ. ಬಸ್ಸು ನಿಲ್ಲಿಸುತ್ತಿದ್ದ. "ರೈಟ್!" ಎಂದ ಮೇಲೆಯೇ ಹೊರಡುತ್ತಿದ್ದ. ಬಿಳಿಚೋಡು ಸ್ಟಾಪಿನಲ್ಲಿ ಯಾರು ಹತ್ತಿದರು, ಯಾವ ಅಜ್ಜಿ ಕೋಳಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಬಂದಳು, ಯಾವ ಮೇಷ್ಟ್ರು ಕೊನೆಯ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಾರೆ ಎಂದು ಬುಡೇನ್ ಹೇಳುತ್ತ ಹೋಗುತ್ತಿದ್ದ. ನನ್ನ ಗಾಜಿನ ಮೇಲೆ ಅವರಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಆದರೂ ಆ ತಿಂಗಳುಗಳಲ್ಲಿ ಬಸ್ಸು ತುಂಬಿಯೇ ಓಡಿತು.

ಮಧ್ಯೆ ಒಂದು ಕೆಲಸ ಬಂತು. ಬಸ್ಸಿನ ಮಾಲೀಕರು ಕರೆಸಿ, ಸ್ಟ್ಯಾಂಡಿನಲ್ಲಿ ನಿಂತು ಜಗಳೂರು, ಜಗಳೂರು ಎಂದು ಕೂಗಿ ಜನ ಹತ್ತಿಸಲು ಹೇಳಿದರು. ವಿನೋದಾ ಅಂದು ಬೆಳಿಗ್ಗೆ ಅವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ತಾನೇ ಸ್ಟ್ಯಾಂಡಿನವರೆಗೆ ಬಿಟ್ಟುಬಂದಳು. ಮಧ್ಯಾಹ್ನಕ್ಕೆ ಅವನು ಆಟೋದಲ್ಲಿ ವಾಪಸ್ಸು ಬಂದ. ಹಣೆಗೆ ಬ್ಯಾಂಡೇಜು. ಹಿಂದಕ್ಕೆ ಬರುತ್ತಿದ್ದ ಬಸ್ಸೊಂದರ ಕನ್ನಡಿ ಬಡಿದಿತ್ತು. ಬಡಿದದ್ದು ಕಲ್ಲೇಶ್ವರವೇ. ಹೊಸ ಡ್ರೈವರ್ ಇಳಿದು ಬಂದು "ಕಣ್ಣು ಕಾಣಲ್ಲೇನ್ರೀ?" ಎಂದು ಕೇಳಿದನಂತೆ. ಅದನ್ನು ಹಾಲೇಶ ಹೆಂಡತಿಗೆ ಹೇಳುವಾಗ ಸಿಟ್ಟಿರಲಿಲ್ಲ. "ಅವನ ತಪ್ಪಿಲ್ಲ ಬಿಡು. ಹಿಂದೆ ನೋಡಿಕೊಂಡೇ ಬರ್ತಿದ್ದ. ನಾನೇ ಅವನ ಕನ್ನಡ್ಯಾಗೆ ಕಂಡಿರಲಿಲ್ಲ" ಎಂದ. ಮತ್ತೆ ಸ್ಟ್ಯಾಂಡಿಗೆ ಹೋಗಲಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ಇಳಿಜಾರು. ಮೊದಲು ಅವನ ಕುರ್ಚಿ ನನ್ನಿಂದ ತೋಳಿನಷ್ಟು ದೂರವಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಅದನ್ನು ಹಿಂದಕ್ಕೆ ಸರಿಸಿದ. ಹಿಂದೆ ಸರಿದರೆ ಚಿತ್ರ ಪುಟ್ಟದಾಗಿ ಆ ಕೊಳವೆಯೊಳಗೆ ಹಿಡಿಸುತ್ತಿತ್ತು. ಆಮೇಲೆ ದೂರದಿಂದ ಅಕ್ಷರ ಮಸುಕಾಯಿತು. ಕುರ್ಚಿ ಮತ್ತೆ ಮುಂದೆ ಬಂತು. ಹತ್ತಿರ ಬಂದರೆ ಅಂಚುಗಳು ಹೋದವು. ಹಿಂದೆ ಮುಂದೆ, ಹಿಂದೆ ಮುಂದೆ ಎಂದು ಕುರ್ಚಿಯ ಕಾಲುಗಳು ನೆಲದ ಮೇಲೆ ಗೆರೆ ಕೊರೆದವು. ನನ್ನ ಬೆಳಕನ್ನು ಪೂರ್ತಿ ಏರಿಸಿದ. ಏರಿಸಲು ಇನ್ನೇನೂ ಉಳಿಯದಾಗ ರಿಮೋಟಿನ ಗುಂಡಿಯನ್ನು ಒತ್ತುತ್ತಲೇ ಇದ್ದ. ನನ್ನಲ್ಲಿ ಇದ್ದದ್ದನ್ನೆಲ್ಲ ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚು ನನ್ನ ಬಳಿ ಇರಲಿಲ್ಲ.

ಒಂದು ಸಂಜೆ ವಿನೋದಾ ಭಟ್ಟಿಯಿಂದ ಬಂದವಳು ಲೈಟು ಹಾಕಲು ಹೊರಟಳು.

"ಹಾಕಬ್ಯಾಡ. ಇಲ್ಲಿ ಬಾ" ಎಂದ ಹಾಲೇಶ. ಆಟ ನಿಲ್ಲಿಸಿ, ನನ್ನ ಮೇಲೆ ಬರೀ ಬಿಳಿ ಉಳಿಯುವ ಹಾಗೆ ಮಾಡಿದ. "ಈ ಬೆಳಕಿಗೆ ಮುಖ ಕೊಟ್ಟು ಕೂಡು."

"ಮೈಯೆಲ್ಲಾ ಮಸಿ ಐತ್ರೀ. ಮುಖ ತೊಳಕಂಡು ಬರ್ತೀನಿ."

"ಬ್ಯಾಡ. ಅಷ್ಟರಾಗೆ ಏನಾಗ್ತತೋ."

ಅವಳು ನನ್ನ ಮುಂದೆ ನೆಲದ ಮೇಲೆ ಕೂತಳು. ಅವನು ಎದುರು ಕೂತು ಅವಳ ಗದ್ದ ಹಿಡಿದು ಮುಖವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಒಟ್ಟಿಗೆ ಕಾಣುತ್ತಿರಲಿಲ್ಲ ಅವನಿಗೆ. ಮೊದಲು ಹಣೆ, ಆಮೇಲೆ ಒಂದು ಕಣ್ಣು, ಆಮೇಲೆ ಇನ್ನೊಂದು, ಮೂಗುಬೊಟ್ಟು, ಮೇಲ್ದುಟಿಯ ಮೇಲಿನ ಮಸಿ. ಗೋಡೆಗೆ ಸುಣ್ಣ ಹೊಡೆಯುವವನು ಎಲ್ಲೂ ಬಿಡಬಾರದೆಂದು ನೋಡುವ ಹಾಗೆ ನೋಡಿದ. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು.

"ಯಾವಾಗ ಇಷ್ಟು ನರೆ ಬಂತೇ?" ಎಂದು ಕೇಳಿದ.

"ಆಗ್ಲೇ ಬಂದಾವು. ನೀವು ಬಸ್ಸಿನ ಮ್ಯಾಲೆ ಇದ್ರಲ್ಲ, ನೋಡಿಲ್ಲ."

ಅವನು ಕೈ ತೆಗೆಯಲಿಲ್ಲ. ಆಮೇಲೆ ಅವಳು ನನ್ನನ್ನು ಬೈದದ್ದು ನಾನು ಕೇಳಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಒದ್ದೆ ಬಟ್ಟೆಯಿಂದ ನನ್ನ ಗಾಜು ಒರೆಸಿಯೇ ಹೋಗುತ್ತಿದ್ದಳು. ಒರೆಸಿದರೆ ಅವನಿಗೆ ಇನ್ನಷ್ಟು ದಿನ ಕಾಣುತ್ತದೆ ಎಂದು ನಂಬಿದ್ದಳೋ ಏನೋ.

ಕಾಣಲಿಲ್ಲ. ಚಳಿಗಾಲ ಬಂದಾಗ ಅವನಿಗೆ ನನ್ನ ನಡುವಿನಲ್ಲಿ ಅಂಗೈಯಷ್ಟು ಜಾಗ ಮಾತ್ರ ಉಳಿದಿತ್ತು, ಅದೂ ಮಂಜಿನೊಳಗೆ. ಒಬ್ಬನೇ ಇದ್ದಾಗ ಅವನು ಆಟ ಹಾಕುವುದನ್ನು ನಿಲ್ಲಿಸಿದ. ಬುಡೇನ್ ಬಂದಾಗ ಮಾತ್ರ ಸ್ಟೀರಿಂಗ್ ಹಿಡಿಯುತ್ತಿದ್ದ. ಈಗ ಬುಡೇನ್ ಗೋಡೆಗೆ ಒರಗುತ್ತಿರಲಿಲ್ಲ; ಹಾಲೇಶನ ಕಿವಿಯ ಹತ್ತಿರ ಬಾಗಿ, "ಎಡಕ್ಕೆ, ಇನ್ನೊಂಚೂರು, ಸಾಕು, ನೇರಕ್ಕೆ ಬಿಡು, ಮುಂದೆ ಲಾರಿ ಐತಿ, ನಿಧಾನ" ಎಂದು ಹೇಳುತ್ತಿದ್ದ. ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದವರು. ಸ್ವಲ್ಪ ದಿನ ಅದೂ ನಡೆಯಿತು.

ಆಮೇಲೆ ಬಸ್ಸು ಅಲ್ಲಲ್ಲಿ ತಾಗತೊಡಗಿತು. ರಸ್ತೆಬದಿಯ ಕಂಬಿಗೆ ಉಜ್ಜುತ್ತಿತ್ತು, ಮರಕ್ಕೆ ಮೂತಿ ಕೊಟ್ಟು ನಿಲ್ಲುತ್ತಿತ್ತು. ಬುಡೇನ್ ಸದ್ದಿಲ್ಲದೆ ಕೈ ಚಾಚಿ ಒಂದು ಗುಂಡಿ ಒತ್ತಿ ಬಸ್ಸನ್ನು ಮತ್ತೆ ರಸ್ತೆಗೆ ತರುತ್ತಿದ್ದ. "ಏನಾತು?" ಎಂದರೆ "ಏನಿಲ್ಲ, ಹಂಪು" ಎನ್ನುತ್ತಿದ್ದ. ಆ ರಸ್ತೆಯಲ್ಲಿ ಒಂದು ಹಂಪೂ ಇರಲಿಲ್ಲ. ನನಗೆ ಬಾಯಿದ್ದರೂ ನಾನು ಹೇಳುತ್ತಿರಲಿಲ್ಲ.

ಕೊನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಭಾನುವಾರದ ಮಧ್ಯಾಹ್ನ. ವಿನೋದಾ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಸ್ಸು ಗುಡ್ಡದಿಂದ ಇಳಿಯುತ್ತಿತ್ತು. ಬುಡೇನ್ "ಬಲಕ್ಕೆ" ಎಂದ. ಹಾಲೇಶ ಬಲಕ್ಕೇ ತಿರುಗಿಸಿದ, ಆದರೆ ಹೆಚ್ಚಾಯಿತು. "ಎಡಕ್ಕೆ, ಎಡಕ್ಕಣ್ಣ!" ಎನ್ನುವಷ್ಟರಲ್ಲಿ ಬಸ್ಸು ಕಂಬಿ ಮುರಿದು ಇಳಿಜಾರಿನಲ್ಲಿ ಎರಡು ಸಲ ಉರುಳಿ, ಮಗ್ಗುಲಾಗಿ ಬಿತ್ತು. ಕಲ್ಲೇಶ್ವರ ಎಂಬ ಹೆಸರು ಆಕಾಶದ ಕಡೆ ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ಈ ಸಲ ಗುಂಡಿ ಒತ್ತಿದರೂ ಬಸ್ಸು ಏಳಲಿಲ್ಲ. ಆಟ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಹಾಲೇಶ ಸ್ಟೀರಿಂಗ್ ಬಿಡದೆ ನೇರ ನೋಡುತ್ತಿದ್ದ. "ಎಲ್ಲಿಗೆ ಬಂದ್ವಿ?"

ಬುಡೇನ್ ನನ್ನನ್ನು ನೋಡಿದ. ಬಾಗಿಲಲ್ಲಿದ್ದ ವಿನೋದಾಳನ್ನು ನೋಡಿದ. "ಜಗಳೂರು ಬಂತಣ್ಣ. ಸ್ಟ್ಯಾಂಡಿನೊಳಗೆ ಬಂದ್ವಿ" ಎಂದ.

ಹಾಲೇಶ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ. ಕಾಲನ್ನು ಪೆಡಲಿನ ಮೇಲೆ ಮೆಲ್ಲಗೆ ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ.

"ಎಂಜಿನ್ ಹಗುರ ಆಗೈತಿ ಬುಡೇನ್. ಗಾಲಿ ನೆಲದ ಮ್ಯಾಲಿಲ್ಲ."

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ಮಂದಿ ಎಲ್ಲಾ ಇಳಿದ್ರೇನಲೇ?"

"ಇಳಿದ್ರಣ್ಣ" ಎಂದ ಬುಡೇನ್. "ಎಲ್ಲಾರೂ ಇಳಿದ್ರು. ಒಬ್ಬರಿಗೂ ಏನೂ ಆಗಿಲ್ಲ."

"ಹಂಗಾರೆ ಸಾಕು. ಆರಿಸು."

ಬುಡೇನ್ ನನ್ನನ್ನು ಆರಿಸಿದ. ಕಪ್ಪಾದ ಗಾಜಿನಲ್ಲಿ ಆ ಮೂವರೂ ಕಂಡರು.

ಆಮೇಲೆ ಬುಡೇನ್ ಒಂದೆರಡು ಸಲ ಬಂದ, ಹಣ್ಣು ತಂದ, ಊರಿನ ಸುದ್ದಿ ಹೇಳಿದ. ಮಾತು ಬೇಗ ಮುಗಿಯುತ್ತಿತ್ತು. ಬೇರೆ ಊರಿನ ಬಸ್ಸಿಗೆ ಸೇರಿದ ಮೇಲೆ ಬರುವುದು ನಿಂತಿತು. ವಿನೋದಾ ನನ್ನನ್ನು ಸೀರೆಯಲ್ಲಿ ಸುತ್ತಿ ತಾನು ಕೆಲಸ ಮಾಡುವ ಭಟ್ಟಿಯ ಮಾಲೀಕರಿಗೆ ಕೊಟ್ಟಳು. ಅವರಿಗೆ ಕ್ಯಾಮೆರಾ ನೋಡಲು ಒಂದು ಟಿ.ವಿ. ಬೇಕಿತ್ತು. ಅದಕ್ಕೆ ಬದಲಾಗಿ ಅವಳು ಬೇರೇನೂ ಕೇಳಲಿಲ್ಲ. ಗಂಡನಿಗೂ ಚೀಲದ ಬಾಯಿ ಕಟ್ಟುವ ಕೆಲಸ ಕೊಡಿ ಎಂದಳು. ಕಟ್ಟಲು ಕಣ್ಣು ಬೇಡವಲ್ಲ.

ಅಂದಿನಿಂದ ನನ್ನ ಮೈಯನ್ನು ಚೌಕಚೌಕ ಮಾಡಿ ಹಂಚಿದರು. ಒಂದರಲ್ಲಿ ಗೇಟು, ಒಂದರಲ್ಲಿ ಒಲೆ, ಒಂದರಲ್ಲಿ ಗೋಡೌನು. ಗೇಟಿನ ಚೌಕದಲ್ಲಿ ಬೆಳಿಗ್ಗೆ ಇಬ್ಬರು ಬರುತ್ತಿದ್ದರು. ಹೆಂಗಸು ಮುಂದೆ, ಅವಳ ಭುಜದ ಮೇಲೆ ಕೈಯಿಟ್ಟು ಗಂಡಸು ಹಿಂದೆ. ಗೋಡೌನಿನ ಚೌಕದಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಕೂತು ಚೀಲ ಕಟ್ಟುತ್ತಿದ್ದ. ಗೋಡೆಯ ಕಡೆ ಕೂತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ, ಯಾರೂ ತಿರುಗಿಸಲೂ ಇಲ್ಲ. ಅವನು ನನ್ನನ್ನು ನೋಡುತ್ತಿದ್ದ ಕಾಲ ಹೋಗಿ, ನಾನು ಅವನನ್ನು ನೋಡುವ ಕಾಲ ಬಂದಿತ್ತು. ಅವನ ಬೆನ್ನು ನಿಧಾನವಾಗಿ ಬಾಗುತ್ತ ಬಂದದ್ದನ್ನು ನಾನು ನೋಡಿದೆ. ಅಗಲ ಭುಜ ಮಡಚಿಕೊಂಡದ್ದನ್ನು ನೋಡಿದೆ. ಊಟದ ಹೊತ್ತಿನಲ್ಲಿ ಉಳಿದವರು ಗುಂಪಾಗಿ ಕೂತು ನಗುವಾಗ ಅವನು ನಗುವಿನ ಕಡೆ ತಲೆ ತಿರುಗಿಸಿ, ಸ್ವಲ್ಪ ತಡವಾಗಿ ತಾನೂ ನಗುತ್ತಿದ್ದದ್ದನ್ನು ನೋಡಿದೆ.

ಹೊಗೆ, ಧೂಳು, ಹಗಲಿರುಳೂ ಒಂದೇ ಚಿತ್ರ. ನನ್ನ ಮೈಮೇಲೆ ಗೆರೆಗಳೆದ್ದವು. ಮಾಲೀಕರು ದೊಡ್ಡ ಟಿ.ವಿ. ತಂದು ನನ್ನನ್ನು ಗೋಡೌನಿನಲ್ಲಿ ಖಾಲಿ ಚೀಲಗಳ ಪಕ್ಕ ಮಲಗಿಸಿದರು, ಮುಖ ಮೇಲಕ್ಕೆ. ಈಗ ನನಗೆ ಕರೆಂಟಿಲ್ಲ. ಆದರೂ ಅವನ ಹತ್ತಿರವೇ ಇದ್ದೇನೆ.

ಒಂದು ದಿನ ದಾರದುಂಡೆ ಉರುಳಿ ಹೋಯಿತು. ಹುಡುಕುತ್ತ ಬಂದ ಅವನ ಕೈ ನನ್ನ ಮೇಲೆ ಬಿತ್ತು. ಗಾಜನ್ನು ಸವರಿದ. ಅಂಚು ಹಿಡಿದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದ. ನಾಲ್ಕು ಮೂಲೆಯನ್ನೂ ಮುಟ್ಟಿದ.

"ಏನದು?" ಎಂದು ಕೇಳಿದ.

"ಹಳೇ ಟಿ.ವಿ. ಕಣಣ್ಣ, ಕೆಟ್ಟೈತಿ" ಎಂದಳು ಪಕ್ಕದಲ್ಲಿ ಕಟ್ಟುತ್ತಿದ್ದ ಹೆಂಗಸು.

ಅವನ ಕೈ ನನ್ನ ಮೇಲೆ ಸ್ವಲ್ಪ ಹೊತ್ತು ಇತ್ತು. ಗುರುತು ಹಿಡಿದನೋ ಇಲ್ಲವೋ ನಾನು ಹೇಳಲಾರೆ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇರ್ಲಿ. ದಾರ ಇಡಕ್ಕಾಗ್ತತಿ" ಎಂದ.

ಅಂದಿನಿಂದ ದಾರದುಂಡೆ ನನ್ನ ಮೇಲಿದೆ, ಅದರ ಪಕ್ಕ ಅವನ ಚಹಾದ ಲೋಟ. ಒಬ್ಬನ ಕಣ್ಣಿಗೆ ಹೇಳಿ ಮಾಡಿಸಿದ ಹಾಗೆ ಹೊಂದಿದ್ದೆ. ಅದರಿಂದ ಅವನಿಗೆ ಸಿಕ್ಕಿದ್ದು ಒಂದಿಷ್ಟು ತಿಂಗಳು. ಹೆಚ್ಚು ಕೊಡಲು ನನ್ನಿಂದಾಗಲಿಲ್ಲ, ಯಾರಿಂದಲೂ ಆಗಲಿಲ್ಲ. ಅವನು ದಾರ ಕತ್ತರಿಸುತ್ತಾನೆ, ಗಂಟು ಹಾಕುತ್ತಾನೆ, ಮುಂದಿನ ಚೀಲ ಎಳೆದುಕೊಳ್ಳುತ್ತಾನೆ. ಸಂಜೆ ವಿನೋದಾ ಬಂದು ಅವನ ಕೈಯನ್ನು ತನ್ನ ಭುಜದ ಮೇಲೆ ಇಟ್ಟುಕೊಂಡು ಕರೆದೊಯ್ಯುತ್ತಾಳೆ. ಗೋಡೌನಿನ ಬಾಗಿಲು ಮುಚ್ಚುತ್ತಾರೆ. ನನ್ನ ಮೇಲೆ ಮಂಡಕ್ಕಿಯ ಧೂಳು ಕೂರುತ್ತದೆ.